ಗೋಖಲೆಯವರು ಕೇಳಿದ ಪ್ರಶ್ನೆಗಳು

ಆಳುವವರನ್ನು ಪ್ರಶ್ನಿಸುವವನು ದೇಶಕ್ಕೆ ಹಿತವನ್ನು ಮಾಡುತ್ತಾನೆಯೋ ಅಹಿತವನ್ನು ಮಾಡುತ್ತಾನೆಯೋ ಎಂಬ ವಿವಾದವು ಪ್ರತಿಯೊಂದು ತಲೆಮಾರಿನಲ್ಲಿಯೂ ತಲೆಯೆತ್ತುವುದುಂಟು. ಅಧಿಕಾರದಲ್ಲಿರುವವರು ಅಂಥವನನ್ನು ದ್ರೋಹಿಯೆಂದು ಶಂಕಿಸುತ್ತಾರೆ. ಅಧಿಕಾರದ ಹೊರಗಿರುವವರು ಪ್ರಶ್ನೆ ಕೇಳಿದ ಮಾತ್ರಕ್ಕೇ ಅವನನ್ನು ದೇಶಭಕ್ತನೆಂದು ಹೆಗಲ ಮೇಲೆ ಹೊರುತ್ತಾರೆ. ಈ ಎರಡು ಗದ್ದಲಗಳನ್ನು ಕೇಳಿದಾಗಲೆಲ್ಲ ನಮಗೆ ಗೋಪಾಲಕೃಷ್ಣ ಗೋಖಲೆಯವರ ನೆನಪಾಗುತ್ತದೆ. ಸರ್ಕಾರವನ್ನು ಪ್ರಶ್ನಿಸಲು ಹೋಗಿ ಅವರು ಒಮ್ಮೆ ಲೋಕದ ಮುಂದೆ ತಲೆತಗ್ಗಿಸಬೇಕಾಯಿತು. ಆ ಬಳಿಕ ಅದೇ ಸರ್ಕಾರವನ್ನು ಹದಿಮೂರು ವರ್ಷಗಳ ಕಾಲ ಅವರಷ್ಟು ಸಮರ್ಥವಾಗಿ ಪ್ರಶ್ನಿಸಿದವರು ಶಾಸನಸಭೆಯಲ್ಲಿ ಬೇರೊಬ್ಬರಿರಲಿಲ್ಲ.

ಗೋಖಲೆಯವರು 1866ನೆಯ ಇಸವಿ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋಟಳೂಕ ಗ್ರಾಮದಲ್ಲಿ ಜನಿಸಿದರು. ತಂದೆಯವರು ಕಾಗಲ ಸಂಸ್ಥಾನದಲ್ಲಿ ಅಲ್ಪ ವೇತನದ ನೌಕರರು. ಬಾಲಕನಿಗೆ ಹದಿಮೂರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಅಣ್ಣನಾದ ಗೋವಿಂದರಾಯರು ತಮ್ಮ ವ್ಯಾಸಂಗವನ್ನು ಬಿಟ್ಟು ತಿಂಗಳಿಗೆ ಹದಿನೈದು ರೂಪಾಯಿಯ ಚಾಕರಿಗೆ ಸೇರಿ, ಅದರಲ್ಲಿ ಎಂಟು ರೂಪಾಯಿಯನ್ನು ತಮ್ಮನ ಓದಿಗೆ ಕಳುಹಿಸುತ್ತಿದ್ದರು. ಹೀಗೆ ಓದಿದ ಗೋಪಾಲರಾಯರು 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವೀಧರರಾದರು. ಮನೆಯ ಸ್ಥಿತಿಗೆ ಸರ್ಕಾರಿ ಉದ್ಯೋಗವೇ ಯೋಗ್ಯವೆಂದು ಯಾರೂ ಹೇಳುತ್ತಿದ್ದರು. ಅವರಾದರೋ ಪುಣೆಯ ಡೆಕ್ಕನ್ ಶಿಕ್ಷಣ ಸಂಘವನ್ನು ಸೇರಿ, ಅಲ್ಪ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವ ಕಟ್ಟಿಗೆ ಒಳಪಟ್ಟು, ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಗಣಿತದಲ್ಲಿ ಅವರು ಬರೆದ ಪಠ್ಯಪುಸ್ತಕವು ಬಹುಕಾಲ ಪ್ರಚಾರದಲ್ಲಿತ್ತು.

ಅಂಕಿಯನ್ನು ದೇಶಸೇವೆಗೆ ಹೂಡುವ ವಿದ್ಯೆಯನ್ನು ಅವರಿಗೆ ಕಲಿಸಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. ಸರ್ಕಾರದ ವರದಿ, ಲೆಕ್ಕಪತ್ರ, ಗೆಜೆಟ್ಟುಗಳನ್ನು ಸಾಲುಸಾಲಾಗಿ ಓದಿಸಿ, ಅವುಗಳಿಂದ ಮನವಿಪತ್ರಗಳನ್ನು ಬರೆಯಿಸಿ, ಬರೆದುದನ್ನು ತಿದ್ದಿ, ಮತ್ತೆ ಬರೆಯಿಸುವುದು ರಾನಡೆಯವರ ಪದ್ಧತಿ. ಶಿಷ್ಯನು ಈ ದುಡಿಮೆಯನ್ನು ಹದಿನಾಲ್ಕು ವರ್ಷ, ಅಂದರೆ 1901ರಲ್ಲಿ ಗುರುವು ಗತಿಸುವವರೆಗೂ, ನಡೆಸಿದನು.

ಈ ಶಿಕ್ಷಣವನ್ನು ಪಡೆದ ಮನುಷ್ಯನೇ 1897ರಲ್ಲಿ ಎಡವಿದನೆಂಬುದು ವಿಚಿತ್ರ. ಹಿಂದೂದೇಶದ ಸರ್ಕಾರೀ ವೆಚ್ಚವನ್ನು ವಿಚಾರಿಸಲು ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಅವರು ಲಂಡನಿಗೆ ಹೋಗಿದ್ದರು. ವಯಸ್ಸು ಮೂವತ್ತೊಂದನ್ನು ಮುಟ್ಟುತ್ತಿತ್ತು. ಸಾಕ್ಷ್ಯವು ಕೀರ್ತಿಯನ್ನು ತಂದಿತು. ಅತ್ತ ಪುಣೆಯಲ್ಲಿ ಪ್ಲೇಗಿನ ಹಾವಳಿ. ರೋಗಿಗಳನ್ನು ಹುಡುಕುವುದಕ್ಕೆ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದ್ದರು. ದೇವರ ಮನೆ, ಅಡಿಗೆಯ ಮನೆ ಎಂಬ ವಿವೇಚನೆಯಿಲ್ಲದೆ ನಡೆದ ಈ ಶೋಧನೆಯಿಂದ ಊರು ಕುದಿಯುತ್ತಿತ್ತು. ಸಿಪಾಯಿಗಳು ಸ್ತ್ರೀಯರ ಮಾನಭಂಗ ಮಾಡಿದರೆಂದೂ ಒಬ್ಬಳು ಪ್ರಾಣ ಬಿಟ್ಟಳೆಂದೂ ಸ್ನೇಹಿತರು ಗೋಖಲೆಯವರಿಗೆ ಪತ್ರ ಬರೆದರು. ಅವರು ಅದನ್ನು ನಂಬಿ ಪಾರ್ಲಿಮೆಂಟಿನ ಸದಸ್ಯರ ಮುಂದೆಯೂ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿಯೂ ಹೇಳಿದರು. ಮುಂಬಯಿ ಸರ್ಕಾರವು ಆಪಾದನೆಯನ್ನು ಅಲ್ಲಗಳೆದು ಪ್ರಮಾಣವನ್ನು ಕೇಳಿತು.

ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತ್ತು. ಜುಲೈ ತಿಂಗಳಲ್ಲಿ ಲೋಕಮಾನ್ಯ ತಿಲಕರ ದಸ್ತಗಿರಿಯೂ ಆಯಿತು. ಊರೆಲ್ಲ ಭಯಗ್ರಸ್ತ. ಸ್ವದೇಶಕ್ಕೆ ಮರಳಿದ ಗೋಖಲೆಯವರು ಸ್ನೇಹಿತರನ್ನು ವಿಚಾರಿಸಲಾಗಿ, ಮುಂದೆ ಬಂದು ಸಾಕ್ಷಿ ನುಡಿಯಲು ಯಾರೂ ಸಿದ್ಧರಿರಲಿಲ್ಲ. ಪತ್ರ ಬರೆದವರ ಹೆಸರುಗಳನ್ನು ಹೇಳಿ ತಾವು ಪಾರಾಗುವ ಮಾರ್ಗವೊಂದಿತ್ತು. ಅದನ್ನು ಅವರು ಹಿಡಿಯಲಿಲ್ಲ. ಹೊರಿಸಿದ ಆಪಾದನೆಯನ್ನು ಸಿದ್ಧಪಡಿಸಲಾರದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದೆಂದು ನಿಶ್ಚಯಿಸಿ, ಆಗಸ್ಟ್ 4ರಂದು ಗವರ್ನರರಿಗೂ ಪ್ಲೇಗ್ ಸಮಿತಿಗೂ ಸಿಪಾಯಿಗಳಿಗೂ ಯಾವ ನಿಬಂಧನೆಯೂ ಇಲ್ಲದ ಕ್ಷಮಾಪಣೆಯನ್ನು ಪ್ರಕಟಿಸಿದರು.

ಇದರಿಂದಾದ ಅಪಕೀರ್ತಿಯು ಸಾಮಾನ್ಯವಾದುದಲ್ಲ. ಆಂಗ್ಲೋ-ಇಂಡಿಯನ್ ಪತ್ರಿಕೆಗಳು ಅವರನ್ನು ಸುಳ್ಳುಗಾರನೆಂದವು, ಸ್ವದೇಶೀಯರು ಹೇಡಿಯೆಂದರು. ಆ ವರ್ಷದ ಅಮರಾವತಿಯ ಕಾಂಗ್ರೆಸ್ಸಿನಲ್ಲಿ ಅವರಿಗೆ ಆದರವು ದೊರೆಯಲಿಲ್ಲ. ಸಿಪಾಯಿಗಳ ಶೋಧನೆಯಲ್ಲಿ ಅತಿರೇಕಗಳು ನಡೆದಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಜನರ ಕೋಪಕ್ಕೆ ಆಧಾರವಿಲ್ಲದಿರಲಿಲ್ಲ. ಆದರೆ ಕೋಪಕ್ಕೆ ಆಧಾರವಿದ್ದ ಮಾತ್ರಕ್ಕೆ ಪ್ರತಿಯೊಂದು ಆಪಾದನೆಯೂ ಸಿದ್ಧವಾದಂತಾಗುವುದಿಲ್ಲ. ಈ ಭೇದವನ್ನು ತಮ್ಮ ಮಾನವನ್ನು ತೆತ್ತು ಒಪ್ಪಿಕೊಂಡವರನ್ನು ಹೇಡಿಯೆನ್ನಲು ನಮ್ಮ ಮನಸ್ಸು ಒಪ್ಪದು. ಪ್ಲೇಗು ಮರಳಿ ಬಂದಾಗ ಗೋಖಲೆಯವರು ಸ್ವಯಂಸೇವಕರಾಗಿ ರೋಗಪೀಡಿತರ ಓಣಿಗಳಲ್ಲಿ ಕೆಲಸ ಮಾಡಿದರು.

1901ರ ಕೊನೆಯಲ್ಲಿ ಅವರು ವೈಸರಾಯರ ಶಾಸನಸಭೆಗೆ ಚುನಾಯಿತರಾದರು. ಆ ಸಭೆಯ ಸ್ವರೂಪವನ್ನು ಇಂದಿನ ವಾಚಕರು ಊಹಿಸುವುದು ಕಷ್ಟ. 1861ರ ಶಾಸನದ ಮೇರೆಗೆ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕೇ ಇರಲಿಲ್ಲ. 1892ರಲ್ಲಿ ಆ ಹಕ್ಕು ಬಂದಿತು. ಆದರೆ ಮುಂಚಿತವಾಗಿ ತಿಳಿಸಿ ಕೇಳಬೇಕು, ಉತ್ತರ ಬಂದ ಮೇಲೆ ಉಪಪ್ರಶ್ನೆ ಕೂಡದು. ಆಯವ್ಯಯದ ಮೇಲೆ ಮಾತನಾಡಬಹುದು, ಮತ ಕೇಳುವಂತಿಲ್ಲ. ಬಹುಮತವು ಎಂದೆಂದಿಗೂ ಅಧಿಕಾರಿಗಳದು. ಇಂಥ ಕಡೆಯಲ್ಲಿ ಒಬ್ಬ ಉಪಾಧ್ಯಾಯನು ಏನು ಮಾಡಬಲ್ಲನು?

1902ರ ಮಾರ್ಚ್ 26ರಂದು ಅದು ತಿಳಿದುಬಂದಿತು. ಹಣಕಾಸಿನ ಸಚಿವರು ಕೋಟ್ಯಂತರ ರೂಪಾಯಿಗಳ ಉಳಿತಾಯವನ್ನು ತೋರಿಸಿ, ಅದು ದೇಶದ ಸಮೃದ್ಧಿಯ ಲಕ್ಷಣವೆಂದು ಸಂತೋಷಪಟ್ಟಿದ್ದರು. ಗೋಖಲೆಯವರು ಸರ್ಕಾರದ ಲೆಕ್ಕವನ್ನೇ ಬಿಡಿಸಿ ತೋರಿಸಿದರು. ಬೆಳ್ಳಿಯ ಬೆಲೆ ಇಳಿದು ರೂಪಾಯಿಯು ಹದಿಮೂರು ಪೆನ್ಸಿನವರೆಗೆ ಕುಸಿದ ಕಾಲದಲ್ಲಿ ಇಂಗ್ಲೆಂಡಿಗೆ ಪೌಂಡುಗಳಲ್ಲಿ ಸಲ್ಲಿಸುವ ಹಣಕ್ಕೆ ಹೆಚ್ಚು ರೂಪಾಯಿಗಳು ಬೇಕಾಗಿ ತೆರಿಗೆಗಳನ್ನು ಏರಿಸಿದ್ದರು. ಉಪ್ಪಿನ ಮೇಲಿನ ಸುಂಕವು 1888ರಲ್ಲಿ ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆಗೆ ಏರಿತ್ತು. 1893ರಲ್ಲಿ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದ ಮೇಲೆ ರೂಪಾಯಿಯು ಕ್ರಮೇಣ ಹದಿನಾರು ಪೆನ್ಸಿಗೆ ನಿಂತಿತು. ಕಷ್ಟವು ಹೋಯಿತು, ತೆರಿಗೆಯು ಉಳಿಯಿತು. ಕ್ಷಾಮವೂ ಪ್ಲೇಗೂ ದೇಶವನ್ನು ಕಿತ್ತು ತಿನ್ನುತ್ತಿದ್ದ ವರ್ಷಗಳಲ್ಲಿ ಬಡವನಿಂದ ಅವಶ್ಯಕ್ಕಿಂತ ಹೆಚ್ಚಾಗಿ ವಸೂಲು ಮಾಡಿದ ಹಣವನ್ನೇ ಸರ್ಕಾರವು ಸಮೃದ್ಧಿಯೆನ್ನುತ್ತಿರುವುದೆಂದು ಅವರ ವಾದ. ಹಾಕಿದ ಅಂಕಿಗಳೆಲ್ಲವೂ ಸರ್ಕಾರದ ಪುಸ್ತಕಗಳವೇ ಆದುದರಿಂದ ಅಲ್ಲಗಳೆಯಬೇಕಾದರೆ ಸರ್ಕಾರವು ತನ್ನನ್ನೇ ಅಲ್ಲಗಳೆಯಬೇಕಾಗಿತ್ತು. ಈ ಸಲ ಪ್ರಮಾಣವನ್ನು ಕೇಳುವವರು ಯಾರೂ ಇರಲಿಲ್ಲ.

ಉಪ್ಪಿನ ಸುಂಕವು 1903ರಲ್ಲಿ ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿಯು ಐನೂರರಿಂದ ಸಾವಿರ ರೂಪಾಯಿಗೆ ಏರಿತು. ಇದೆಲ್ಲವೂ ಗೋಖಲೆಯವರೊಬ್ಬರಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಕಾಂಗ್ರೆಸ್ಸು ವರ್ಷವರ್ಷವೂ ಕೇಳುತ್ತಲೇ ಇತ್ತು. ಅವರಿಂದಾದುದೆಂದರೆ, ಇಲ್ಲವೆನ್ನುವುದಕ್ಕೆ ಸರ್ಕಾರಕ್ಕೆ ಉಳಿದಿದ್ದ ನೆಪಗಳು ಕಡಿಮೆಯಾದುವು.

1904ರಲ್ಲಿ ಸರ್ಕಾರವು ಅವರಿಗೆ ಸಿ.ಐ.ಇ. ಬಿರುದನ್ನು ಕೊಟ್ಟಿತು. ಅವರದನ್ನು ಸ್ವೀಕರಿಸಿದುದು ಹಲವರಿಗೆ ಹಿಡಿಸಲಿಲ್ಲ, ನಮಗೂ ಹಿಡಿಸದು. ಆದರೆ ಬಿರುದು ಅವರ ಬಾಯನ್ನು ಕಟ್ಟಲಿಲ್ಲವೆಂಬುದನ್ನೂ ಹೇಳತಕ್ಕದ್ದು. ಪತ್ರಿಕೆಗಳ ಮೇಲೆ ರಹಸ್ಯದ ಹೆಸರಿನಲ್ಲಿ ಬೀಗ ಹಾಕುವ ಮಸೂದೆಯನ್ನೂ ವಿಶ್ವವಿದ್ಯಾನಿಲಯಗಳ ಮಸೂದೆಯನ್ನೂ ಅವರು ಆಗಲೇ ವಿರೋಧಿಸಿದರು. 1905ರಲ್ಲಿ ಕಾಶಿಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಲಾರ್ಡ್ ಕರ್ಜನರ ಆಡಳಿತವನ್ನು ಔರಂಗಜೇಬನ ಆಡಳಿತಕ್ಕೆ ಹೋಲಿಸಿದರು. ಇನ್ನೂ ದೊಡ್ಡ ಬಿರುದೊಂದು 1914ರಲ್ಲಿ ಬಂದಾಗ ಬೇಡವೆಂದರು. ಆಂಗ್ಲೇಯರ ನ್ಯಾಯಬುದ್ಧಿಯಲ್ಲಿ ಅವರಿಗಿದ್ದ ವಿಶ್ವಾಸವು ಅತಿಯಾಯಿತೆಂದು ತಿಲಕರ ಪಕ್ಷದವರು ಹೇಳುತ್ತಿದ್ದುದರಲ್ಲಿ ಸತ್ಯಾಂಶವಿಲ್ಲದಿಲ್ಲ.

ಆ ವಿಶ್ವಾಸಕ್ಕೆ ಕಠಿನವಾದ ಪೆಟ್ಟು ಬಿದ್ದುದು ಪ್ರಾಥಮಿಕ ಶಿಕ್ಷಣದ ವಿಷಯದಲ್ಲಿ. ಬಡೋದೆಯ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣವನ್ನು ನಡೆಸಬಲ್ಲರಾದರೆ ಬ್ರಿಟಿಷ್ ಸರ್ಕಾರಕ್ಕೆ ಏಕೆ ಅಸಾಧ್ಯವೆಂದು ಕೇಳಿ, 1911ರ ಮಾರ್ಚ್ 16ರಂದು ಅವರು ಮಸೂದೆಯನ್ನು ತಂದರು. ಅದರಲ್ಲಿ ದುಡುಕು ಏನೂ ಇರಲಿಲ್ಲ. ಸ್ಥಳೀಯ ಸಂಸ್ಥೆಗಳು ಇಷ್ಟಪಟ್ಟ ಕಡೆಯಲ್ಲಿ, ಸರ್ಕಾರದ ಅನುಮತಿಯಿಂದ, ಮೊದಲಿಗೆ ಗಂಡುಮಕ್ಕಳಿಗೆ ಮಾತ್ರ. ಹಣವಿಲ್ಲವೆಂದೂ ಕಾಲವು ಪಕ್ವವಾಗಿಲ್ಲವೆಂದೂ ಅಧಿಕಾರಿಗಳು ವಿರೋಧಿಸಿದರು. ನಮ್ಮವರಲ್ಲಿಯೂ ಕೆಲವು ಭೂಮಾಲಿಕರು ಅವರ ಜೊತೆಗೂಡಿದರೆಂಬುದನ್ನು ಮರೆಮಾಚುವಂತಿಲ್ಲ. 1912ರ ಮಾರ್ಚ್ 19ರಂದು ಮಸೂದೆಯು 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಶಿಕ್ಷಣವು ಮಕ್ಕಳ ಮೂಲಭೂತ ಹಕ್ಕೆಂದು ಸ್ವತಂತ್ರ ಭಾರತದ ಸಂವಿಧಾನದಲ್ಲಿ ಸೇರಿಸುವ ತಿದ್ದುಪಡಿಯು ಆದುದು 2002ರಲ್ಲಿ. ಅದರ ಶಾಸನವು ಜಾರಿಗೆ ಬಂದುದು 2010ರಲ್ಲಿ.

ಮಸೂದೆ ಸೋತ ವರ್ಷದಲ್ಲಿಯೇ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲಿಯ ಭಾರತೀಯರ ಕಷ್ಟಗಳನ್ನು ಕಂಡು, ಗಾಂಧಿಯವರ ಜೊತೆಯಲ್ಲಿ ಸಂಚರಿಸಿ ಬಂದರು. ದೇಹವು ಆಗಲೇ ಮಧುಮೇಹದಿಂದ ಜರ್ಜರಿತವಾಗಿತ್ತು. 1915ನೆಯ ಇಸವಿ ಫೆಬ್ರವರಿ 19ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಕಾಲವಾದರು. ಜೀವಮಾನವೆಲ್ಲ ಅವರ ಮಾರ್ಗವನ್ನು ಖಂಡಿಸಿದ್ದ ತಿಲಕರು ಶ್ಮಶಾನಕ್ಕೆ ಬಂದು, ನೆರೆದವರ ಮುಂದೆ ಅವರ ಗುಣಗಳನ್ನು ಕೊಂಡಾಡಿದರು. ನಮ್ಮ ಡಿ.ವಿ. ಗುಂಡಪ್ಪನವರು ಮೂವತ್ತು ವರ್ಷಗಳ ತರುವಾಯ, 1945ರಲ್ಲಿ, ಸಾರ್ವಜನಿಕ ವಿಷಯಗಳ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಅದಕ್ಕೆ ಗೋಖಲೆಯವರ ಹೆಸರನ್ನಿಟ್ಟರು.