ವುಡ್ರೋ ವಿಲ್ಸನ್

ಉದ್ದೇಶವು ಎಷ್ಟೇ ಉದಾತ್ತವಾಗಿದ್ದರೂ ಅದನ್ನು ಸಾಧಿಸುವ ಮಾರ್ಗವು ಸರಿಯಾಗಿರದಿದ್ದರೆ ಫಲವು ವಿಪರೀತವಾಗುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ 28ನೆಯ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ನರ ಜೀವನವು ಇದಕ್ಕೊಂದು ನಿದರ್ಶನ.

ವಿಲ್ಸನ್ನರು 1856ನೆಯ ಇಸವಿ ಡಿಸೆಂಬರ್ 28ರಂದು ವರ್ಜೀನಿಯಾ ಸಂಸ್ಥಾನದ ಸ್ಟಾಂಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾದ್ರಿಗಳು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ತಂದೆಯ ಚರ್ಚು ಗಾಯಾಳುಗಳ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಯುದ್ಧದ ಭೀಕರತೆಯನ್ನು ಬಾಲಕನು ಕಣ್ಣಾರೆ ಕಂಡನು. ಎಳವೆಯಲ್ಲಿ ಓದು ಅವನಿಗೆ ಸುಲಭವಾಗಿ ಒಲಿಯಲಿಲ್ಲ. ಆದರೆ ಸತತ ಪರಿಶ್ರಮದಿಂದ ಅವರು ರಾಜ್ಯಶಾಸ್ತ್ರದಲ್ಲಿ ಪಾಂಡಿತ್ಯ ಗಳಿಸಿ, 1886ರಲ್ಲಿ ಡಾಕ್ಟರೇಟ್ ಪದವಿ ಪಡೆದರು. 1902ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದರು. 1911ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಗವರ್ನರರಾದರು. 1913ರ ಮಾರ್ಚ್ ತಿಂಗಳಲ್ಲಿ ರಾಷ್ಟ್ರಾಧ್ಯಕ್ಷ ಪದವಿಯನ್ನೇರಿದರು.

ಆಗ ನೆರೆಯ ಮೆಕ್ಸಿಕೋ ದೇಶವು ಕ್ಷೋಭೆಗೊಳಗಾಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಹುವೆರ್ಟಾ ಎಂಬ ಸೇನಾನಿಯು ಚುನಾಯಿತ ಅಧ್ಯಕ್ಷ ಮದೇರೋನನ್ನು ಪದಚ್ಯುತಗೊಳಿಸಿ ಅಧಿಕಾರವನ್ನು ಕಸಿದುಕೊಂಡಿದ್ದನು. ಮದೇರೋ ಹತನಾಗಿದ್ದನು. ಬ್ರಿಟನ್ ಮೊದಲಾದ ರಾಷ್ಟ್ರಗಳು ಹೊಸ ಸರ್ಕಾರವನ್ನು ಮಾನ್ಯಮಾಡಿದರೂ, ರಕ್ತದ ಮಡುವಿನಿಂದ ಎದ್ದ ಆಡಳಿತವನ್ನು ವಿಲ್ಸನ್ನರು ಒಪ್ಪಲಿಲ್ಲ. ಅಲ್ಲಿ ಮುಕ್ತ ಚುನಾವಣೆ ನಡೆಯಬೇಕೆಂದು ಅವರು ಆಗ್ರಹಿಸಿದರು. ಅವರ ನಿಲುವು ನ್ಯಾಯವಾದುದೇ ಆಗಿತ್ತು.

ಆದರೆ 1914ರ ಏಪ್ರಿಲ್‌ನಲ್ಲಿ ಅವರು ಬಲಪ್ರಯೋಗಕ್ಕೆ ಮುಂದಾದರು. ಅಮೆರಿಕದ ನೌಕಾಸೈನಿಕರು ವೆರಾಕ್ರೂಸ್ ಬಂದರನ್ನು ಆಕ್ರಮಿಸಿದರು. ಮೆಕ್ಸಿಕನ್ನರು ತಮ್ಮನ್ನು ವಿಮೋಚಕರೆಂದು ಸ್ವಾಗತಿಸುವರೆಂಬ ನಿರೀಕ್ಷೆ ಹುಸಿಯಾಯಿತು. ನೌಕಾಶಾಲೆಯ ವಿದ್ಯಾರ್ಥಿಗಳು ಸಹ ಬಂದೂಕು ಹಿಡಿದು ಎದುರಿಸಿದರು. ಹುವೆರ್ಟಾನ ಕಡುವೈರಿಯಾಗಿದ್ದ ಕರಾಂಸಾ ಕೂಡ ಪರಕೀಯ ಸೈನ್ಯವು ಹಿಂದಿರುಗಬೇಕೆಂದು ಒತ್ತಾಯಿಸಿದನು. ಅರ್ಜೆಂಟೀನಾ, ಬ್ರೆಜಿಲ್ ಮತ್ತು ಚಿಲಿ ದೇಶಗಳು ಸಂಧಾನಕ್ಕೆ ಮುಂದೆ ಬಂದವು. ಜುಲೈನಲ್ಲಿ ಹುವೆರ್ಟಾ ಅಧಿಕಾರ ತ್ಯಜಿಸಿದನು. ನವೆಂಬರ್‌ನಲ್ಲಿ ಅಮೆರಿಕದ ಸೈನ್ಯವು ಬಂದರನ್ನು ತೆರವು ಮಾಡಿತು.

ಇಷ್ಟಾದರೂ ವಿಲ್ಸನ್ನರು ತಮ್ಮ ಮಾರ್ಗವನ್ನು ಬದಲಿಸಲಿಲ್ಲ. 1915ರಲ್ಲಿ ಕೆರಿಬಿಯನ್ ಸಮುದ್ರದ ಹೈಟಿಗೂ 1916ರಲ್ಲಿ ಅದರ ನೆರೆಯ ಡೊಮಿನಿಕನ್ ಗಣರಾಜ್ಯಕ್ಕೂ ಸೈನ್ಯವನ್ನು ಕಳುಹಿಸಿದರು. ಸುವ್ಯವಸ್ಥೆಯನ್ನು ನೆಲೆಗೊಳಿಸುವುದು ಉದ್ದೇಶವೆಂದು ಸಾರಲಾಯಿತು. ಆದರೆ ವಿದೇಶೀಯರಿಗೆ ಭೂಮಿಯ ಒಡೆತನ ನೀಡುವ ಸಂವಿಧಾನವನ್ನು ಹೈಟಿಯ ಸಂಸತ್ತು ಒಪ್ಪದಿದ್ದಾಗ, ಆ ಸಂಸತ್ತನ್ನೇ ವಿಸರ್ಜಿಸಲಾಯಿತು. ರೈತರನ್ನು ರಸ್ತೆಗಳ ನಿರ್ಮಾಣಕ್ಕಾಗಿ ಬಿಟ್ಟಿ ದುಡಿಸಿದುದರಿಂದ ಜನರು ದಂಗೆಯೆದ್ದರು. ಸೈನ್ಯವು ಹೈಟಿಯನ್ನು ಬಿಟ್ಟುಹೊರಟದ್ದು 1934ರಲ್ಲಿ. ಡೊಮಿನಿಕನ್ ಗಣರಾಜ್ಯದಲ್ಲಿ ಅಮೆರಿಕನ್ನರು ತರಬೇತು ನೀಡಿದ ಪಡೆಯಿಂದಲೇ ತ್ರುಹಿಯೋ ಎಂಬ ಸರ್ವಾಧಿಕಾರಿ ಮೇಲೆದ್ದು, 1930ರಿಂದ 1961ರವರೆಗೆ ಆ ನಾಡನ್ನು ತುಳಿದಾಳಿದನು. ಪ್ರಜಾಪ್ರಭುತ್ವದ ಹೆಸರಿನಲ್ಲಿ ಬಿತ್ತಿದ ಬೀಜವು ಹೀಗೆ ವಿಷಫಲವನ್ನು ನೀಡಿತು.

1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಮರುವರ್ಷ ವಿಲ್ಸನ್ನರು ಶಾಂತಿಸ್ಥಾಪನೆಗಾಗಿ 14 ಅಂಶಗಳನ್ನು ಮುಂದಿಟ್ಟರು. ಪರತಂತ್ರ ರಾಷ್ಟ್ರಗಳ ಜನರಲ್ಲಿ ಅವು ಆಶೆಯನ್ನು ಚಿಗುರಿಸಿದವು. ಆದರೆ ಭಾರತ, ಈಜಿಪ್ಟ್ ಮುಂತಾದ ದೇಶಗಳಿಗೆ ಪ್ಯಾರಿಸ್ ಸಮ್ಮೇಳನದಿಂದ ಸ್ವಾತಂತ್ರ್ಯವು ದೊರೆಯಲಿಲ್ಲ. ವಿಲ್ಸನ್ನರ ಪ್ರಯತ್ನದಿಂದ ರಾಷ್ಟ್ರಸಂಘವು ಸ್ಥಾಪನೆಯಾಯಿತು. ಆದರೆ ಅವರ ದೇಶದ ಸೆನೆಟ್ ಸಭೆಯೇ ಅದನ್ನು ಸೇರಲು ಒಪ್ಪಲಿಲ್ಲ. ಜನಾಭಿಪ್ರಾಯವನ್ನು ರೂಪಿಸಲು ದೇಶಸಂಚಾರ ಕೈಗೊಂಡ ವಿಲ್ಸನ್ನರು 1919ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. 1919ರ ನೊಬೆಲ್ ಶಾಂತಿ ಪಾರಿತೋಷಕವು ಅವರಿಗೆ ಸಂದಿತು. 1924ರ ಫೆಬ್ರವರಿ 3ರಂದು ಅವರು ನಿಧನರಾದರು.

ವಿಲ್ಸನ್ನರ ವ್ಯಕ್ತಿತ್ವದಲ್ಲಿ ಬೆಳಕಿನೊಡನೆ ನೆರಳೂ ಇತ್ತು. ಪರರಿಗೆ ಪ್ರಜಾಪ್ರಭುತ್ವವನ್ನು ಬೋಧಿಸಿದ ಅವರ ಆಡಳಿತದಲ್ಲಿಯೇ ಸರ್ಕಾರಿ ಕಚೇರಿಗಳಲ್ಲಿ ಕರಿಯ ನೌಕರರನ್ನು ಬಿಳಿಯರಿಂದ ಬೇರ್ಪಡಿಸಲಾಯಿತು. ಆದರೂ ರಾಷ್ಟ್ರಗಳು ಒಂದೆಡೆ ಕುಳಿತು ವಿವಾದಗಳನ್ನು ಬಗೆಹರಿಸಿಕೊಳ್ಳಬೇಕೆಂಬ ಅವರ ಕನಸು ವ್ಯರ್ಥವಾಗಲಿಲ್ಲ. 1945ರಲ್ಲಿ ವಿಶ್ವಸಂಸ್ಥೆಯು ಉದಯಿಸಿತು.

ಮೆಕ್ಸಿಕೋದ ಪ್ರತಿನಿಧಿಗಳು 1917ರಲ್ಲಿ ತಮ್ಮ ಸಂವಿಧಾನವನ್ನು ತಾವೇ ರಚಿಸಿಕೊಂಡರು. ಅನೇಕ ತಿದ್ದುಪಡಿಗಳೊಡನೆ ಅದು ಇಂದಿಗೂ ಜಾರಿಯಲ್ಲಿದೆ. ಸೈನಿಕರ ಕಾವಲಿನಲ್ಲಿ ಹೈಟಿಯ ಮೇಲೆ ಹೇರಲಾದ ಸಂವಿಧಾನವಾದರೋ ಬಾಳಲಿಲ್ಲ. ಜನತೆಯ ಇಚ್ಛೆಯಲ್ಲಿ ಬೇರುಬಿಟ್ಟ ಆಡಳಿತವೇ ಸ್ಥಿರವಾಗಿ ನಿಲ್ಲಬಲ್ಲದು.