ಮೇರಿ ಕ್ಯೂರಿ ಮತ್ತು ಕಾಣದ ಗಾಯ

ಮೇರಿ ಕ್ಯೂರಿ ಹುಟ್ಟಿದ್ದು 1867ರಲ್ಲಿ, ಪೋಲೆಂಡಿನ ವಾರ್ಸಾ ಊರಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಪ್ಯಾರಿಸ್ಸಿಗೆ ಹೋಗಿ ಕಲಿತರು. 1898ರಲ್ಲಿ ಗಂಡ ಪಿಯರ್ ಜೊತೆ ರೇಡಿಯಂ ಕಂಡುಹಿಡಿದರು. 1903 ಮತ್ತು 1911ರಲ್ಲಿ ನೊಬೆಲ್ ಬಹುಮಾನ ಬಂತು. ಇಷ್ಟು ಎಲ್ಲರಿಗೂ ಗೊತ್ತು.

1914ರಲ್ಲಿ ಮಹಾಯುದ್ಧ ಶುರುವಾಯ್ತು. ಮೇರಿ ಎಕ್ಸ್-ರೇ ಯಂತ್ರವನ್ನು ಕಾರಿನೊಳಗೆ ಇಟ್ಟುಕೊಂಡು ಗಾಯಾಳು ಸೈನಿಕರ ಹತ್ತಿರ ತಾವೇ ಹೋದರು. ಸೈನಿಕರ ಮೈಯೊಳಗಿನ ಗುಂಡು ಕಂಡವು, ತಮಗಾದ ಗಾಯ ಕಾಣಲಿಲ್ಲ.

ಅದೆಂಥ ಗಾಯ? ನೋಡ್ರಿ, ನಮ್ಮ ಜೀವಕೋಶದಲ್ಲಿ ಡಿ.ಎನ್.ಎ. ಎಂಬ ಜೋಡಿ ಎಳೆ ಇದೆ. ಕಿರಣ ಬಡಿದರೆ ಅದು ತುಂಡಾಗುತ್ತದೆ. ಒಂದೇ ಎಳೆ ಕೆಟ್ಟರೆ ಚಿಂತಿಲ್ಲ. ಬಿಟ್ಟುಹೋದ ನೋಟ್ಸನ್ನು ನಾವು ಬಾಜೂದವರ ವಹಿ ನೋಡಿ ಬರಕೊಂಡಂಗೆ, ಕೋಶವು ಇನ್ನೊಂದು ಎಳೆ ನೋಡಿ ಸರಿಮಾಡಿಕೊಳ್ಳುತ್ತದೆ. ಎರಡೂ ತುಂಡಾದರೆ ಕಷ್ಟ. ಕೋಶ ಎರಡಾಗುವ ಮುಂಚೆ ನಿಂತು ರಿಪೇರಿಗೆ ನೋಡುತ್ತದೆ. ಆಗದಿದ್ದರೆ ಸಾಯುತ್ತದೆ, ಇಲ್ಲವೆ ತಪ್ಪನ್ನೇ ನಕಲು ಮಾಡುತ್ತದೆ. ರಕ್ತ ತಯಾರಾಗುವ ಎಲುಬಿನ ಮಜ್ಜೆಯಲ್ಲಿ ಕೋಶಗಳು ಸದಾ ಎರಡಾಗುತ್ತಿರುತ್ತವೆ, ಅದಕ್ಕೇ ಪೆಟ್ಟು ಅಲ್ಲಿ ಜಾಸ್ತಿ.

1934ರ ಜುಲೈ 4ರಂದು ಮೇರಿ ತೀರಿಕೊಂಡದ್ದು ಮಜ್ಜೆಯ ಕಾಯಿಲೆಯಿಂದಲೇ. ಡಿ.ಎನ್.ಎ. ರಚನೆ ತಿಳಿದದ್ದು 1953ರಲ್ಲಿ! 1995ರಲ್ಲಿ ಅವರ ಶವಪೆಟ್ಟಿಗೆ ಪರೀಕ್ಷಿಸಿದವರು, ರೇಡಿಯಂಗಿಂತ ಯುದ್ಧಕಾಲದ ಎಕ್ಸ್-ರೇಯೇ ಕಾರಣ ಇರಬೇಕು ಅಂದರು. ಅಂಥ ಕಿರಣವನ್ನೇ ಈಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಅಳತೆ ಮಾಡಿ ಕ್ಯಾನ್ಸರ್ ಕೋಶಗಳ ಮೇಲೆ ಬಿಡುತ್ತಾರೆ. ಆ ಕೋಶಗಳಿಗೆ ರಿಪೇರಿ ಸರಿಯಾಗಿ ಬರುವುದಿಲ್ಲ.