ಸರಿಯದ ಅಂತರಪಟ: ಚಿತ್ರಕಾರ ರೆನೆ ಮಾಗ್ರಿಟ್



ಮಂದ್ರೂಪ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಅನೇಕ ಮದುವೆಗಳಲ್ಲಿ ವಧೂವರರ ನಡುವೆ ಅಂತರಪಟ ಹಿಡಿಯುತ್ತಾರೆ. ಮಂಗಳಾಷ್ಟಕ ಮುಗಿದು ಅಕ್ಷತೆ ಬಿದ್ದಾಗ ಬಟ್ಟೆ ಸರಿಯುತ್ತದೆ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಆ ಬಟ್ಟೆ ಸರಿಯದೇ ಉಳಿದರೆ?

ಈಗ ಮನೆಗಳ ಗೋಡೆಗೆಂದು ಮುದ್ರಣವಾಗಿ ಮಾರಾಟವಾಗುವ ‘ಪ್ರೇಮಿಗಳು’ ಎಂಬ ಚಿತ್ರ ಅಂಥದ್ದು. ಗಂಡು ಹೆಣ್ಣು ಮುತ್ತಿಡುತ್ತಿದ್ದಾರೆ, ಆದರೆ ಇಬ್ಬರ ತಲೆಗೂ ಬಿಳಿ ಬಟ್ಟೆ ಸುತ್ತಿದೆ. ಬರೆದವರು ಬೆಲ್ಜಿಯಂ ದೇಶದ ರೆನೆ ಮಾಗ್ರಿಟ್.

ಅವರು ಹುಟ್ಟಿದ್ದು 1898ರ ನವೆಂಬರ್ 21ರಂದು, ಲೆಸಿನ್ ಎಂಬ ಊರಿನಲ್ಲಿ. ತಂದೆ ದರ್ಜಿ, ಬಟ್ಟೆ ವ್ಯಾಪಾರಿ. ತಾಯಿ ಮದುವೆಗೆ ಮೊದಲು ಟೋಪಿ ಹೊಲಿಯುತ್ತಿದ್ದವರು. 1912ರಲ್ಲಿ ಆ ತಾಯಿ ಸಾಂಬ್ರ್ ನದಿಯಲ್ಲಿ ಮುಳುಗಿ ತೀರಿಕೊಂಡಾಗ ಮಗನಿಗೆ 13 ವರ್ಷ.

ಮರುವರ್ಷ ಶಾರ್ಲರುವಾ ಜಾತ್ರೆಯಲ್ಲಿ ಜಾರ್ಜೆಟ್ ಬೆರ್ಜೆ ಎಂಬ ಹುಡುಗಿಯ ಪರಿಚಯವಾಯಿತು. ಮಹಾಯುದ್ಧ ಬಂದು ಇಬ್ಬರೂ ಬೇರೆಯಾದರು. 1920ರಲ್ಲಿ ಬ್ರಸೆಲ್ಸ್‌ನ ಸಸ್ಯೋದ್ಯಾನದಲ್ಲಿ ಆಕಸ್ಮಿಕವಾಗಿ ಮತ್ತೆ ಎದುರಾದರು, 1922ರಲ್ಲಿ ಮದುವೆಯಾದರು. ಆಗ ಮಾಗ್ರಿಟ್‌ಗೆ ಗೋಡೆಗೆ ಅಂಟಿಸುವ ಕಾಗದದ ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವ ಕೆಲಸ.

1927ರಲ್ಲಿ ದಂಪತಿ ಪ್ಯಾರಿಸ್ ಬಳಿಗೆ ಹೋದರು. ಕನಸಿನ ತರ್ಕದಲ್ಲಿ ಚಿತ್ರ ಬರೆಯುವ ಸರ್ರಿಯಲಿಸ್ಟರ ಬಳಗ ಅಲ್ಲಿತ್ತು. ‘ಪ್ರೇಮಿಗಳು’ ಹುಟ್ಟಿದ್ದು 1928ರಲ್ಲಿ. ನದಿಯಿಂದ ತೆಗೆದಾಗ ತಾಯಿಯ ಮುಖಕ್ಕೆ ಉಡುಪು ಮುಚ್ಚಿಕೊಂಡಿತ್ತು, ಚಿತ್ರದಲ್ಲಿರುವುದು ಅದೇ ಬಟ್ಟೆ ಎಂಬ ಮಾತು ಮುಂದೆ ಹಬ್ಬಿತು. ಚಿತ್ರಗಳಿಗೆ ಇಂಥ ಅರ್ಥ ಹಚ್ಚುವುದು ಮಾಗ್ರಿಟ್‌ಗೆ ಹಿಡಿಸುತ್ತಿರಲಿಲ್ಲ.

1930ರಲ್ಲಿ ಬ್ರಸೆಲ್ಸ್‌ಗೆ ಮರಳಿ, ಜಾಹೀರಾತು ಚಿತ್ರ ಬರೆದು ಹೊಟ್ಟೆ ಹೊರೆದರು. ಆ ದಶಕದ ಕೊನೆಗೆ ಸಂಸಾರದಲ್ಲಿ ಬಿರುಕು ಬಿಟ್ಟಿತು. ಅವರ ಮನಸ್ಸು ಬೇರೊಬ್ಬಳ ಕಡೆ ಹೊರಳಿತ್ತು. ಜಾರ್ಜೆಟ್ ಗೆಳೆಯ ಕವಿಯೊಬ್ಬರಿಗೆ ಹತ್ತಿರವಾದರು. 1940ರಲ್ಲಿ ಜರ್ಮನ್ ಸೈನ್ಯ ಬಂದಾಗ ಮಾಗ್ರಿಟ್ ಹೆಂಡತಿಯನ್ನು ಬಿಟ್ಟು ಫ್ರಾನ್ಸ್‌ಗೆ ಹೊರಟುಹೋದರು. ಕೆಲವೇ ತಿಂಗಳಲ್ಲಿ ಹೆಂಡತಿಯ ಬಳಿಗೆ ತಿರುಗಿ ಬಂದರು. ಮುರಿಯುವಂತಿದ್ದ ಮನೆ ಮತ್ತೆ ಕೂಡಿತು.

1967ರ ಆಗಸ್ಟ್ 15ರಂದು ಮಾಗ್ರಿಟ್ ತೀರಿಕೊಂಡರು. ಜಾರ್ಜೆಟ್ 1986ರವರೆಗೆ ಬದುಕಿದ್ದರು. ಇಬ್ಬರ ಸಮಾಧಿಯೂ ಒಂದೇ.

ಮೂಲ ಚಿತ್ರ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬಟ್ಟೆ ಸರಿದಿಲ್ಲ, ಸರಿಯುವುದೂ ಇಲ್ಲ. ಬರೆದವರ ಬಾಳಿನಲ್ಲಿ ನಡುವೆ ಬಂದ ಪರದೆ ಮಾತ್ರ ಸರಿಯಿತು. ಈ ಚಿತ್ರ ಮನೆಗೆ ತರುವವರಿಗೆ ಇಷ್ಟು ತಿಳಿದಿರಲಿ.